ಬಾವಿ ಎಲ್ಲಿ, ಇಂಗುಗುಂಡಿ ಎಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಹೊಸ ಬಡಾವಣೆಗಳ ಸೈಟಿನ ಬಗ್ಗೆ ಇವೆ. ದರ ಮತ್ತು ವಾಸ್ತುವಿನ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ, ಅವು ನಾನು ಬಲ್ಲ ವಿಷಯಗಳಲ್ಲ. ನಾನು 31 ವರ್ಷ ಕಳೆದದ್ದು ನೀರು ಸರಬರಾಜಿನ ಕೆಲಸದಲ್ಲಿ. ಕಾರವಾರಕ್ಕೆ ಗಂಗಾವಳಿಯ ನೀರು, ಕುಮಟಾಕ್ಕೆ ಅಘನಾಶಿನಿಯ ನೀರು ಬರುವ ಕೊಳವೆಗಳ ಜಾಡಿನಲ್ಲಿ ಮಳೆ, ಬಿಸಿಲೆನ್ನದೆ ನಡೆದಿದ್ದೇನೆ. ಅದಕ್ಕಾಗಿ ನೀರು, ಚರಂಡಿ, ಕರೆಂಟಿನ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ. ಕೇಳಿದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಅಕ್ಕ, ನಮಸ್ಕಾರ. ನಾನೂ ಯಜಮಾನರೂ ಇಬ್ಬರೂ ಪ್ರೌಢಶಾಲೆಯ ಶಿಕ್ಷಕರು. ಕುಮಟಾ ಪೇಟೆಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಆಗುತ್ತಿರುವ 60 ಸೈಟುಗಳ ಬಡಾವಣೆಯಲ್ಲಿ 30×40ರ ಒಂದು ಸೈಟು ಮೆಚ್ಚಿದ್ದೇವೆ. ಅಲ್ಲಿ ಒಂದು ಬೋರ್‌ವೆಲ್ ಇದೆ. ‘ನೀರಿಗೆ ತೊಂದರೆ ಇಲ್ಲ, ಬೇಕಾದರೆ ನಿಮ್ಮ ಸೈಟಿನಲ್ಲಿಯೇ ಬಾವಿ ತೋಡಿಸಿಕೊಳ್ಳಿ’ ಎನ್ನುತ್ತಾರೆ. ಒಳಚರಂಡಿ ಇಲ್ಲ, ಮನೆಮನೆಗೂ ಸೆಪ್ಟಿಕ್ ಟ್ಯಾಂಕ್. ಮುಂಗಡ ಕೊಡಬಹುದೇ?
— ಶಿಕ್ಷಕಿ, ಕುಮಟಾ

ಉತ್ತರ: ತಂಗಿ, ಸದ್ಯಕ್ಕೆ ಕೊಡಬೇಡಿ. ಒಂದು ಹಾಳೆ ತೆಗೆದುಕೊಂಡು ಸೈಟಿನ ಆಯತವನ್ನು ಬರೆಯಿರಿ. ಒಂದು ಬದಿ 30 ಅಡಿ, ಇನ್ನೊಂದು 40 ಅಡಿ. ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಅದು 50 ಅಡಿ, ಅಂದರೆ 15 ಮೀಟರಿಗಿಂತ ಚೂರು ಹೆಚ್ಚು. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ, ಅಂದರೆ ಸೆಪ್ಟಿಕ್ ಟ್ಯಾಂಕಿನಿಂದ ಬಂದ ನೀರು ನೆಲಕ್ಕೆ ಇಂಗುವ ಗುಂಡಿ, ಕನಿಷ್ಠ 18 ಮೀಟರ್ ದೂರ ಇರಬೇಕೆಂದು ಸೆಪ್ಟಿಕ್ ಟ್ಯಾಂಕುಗಳ ಕುರಿತ ಭಾರತೀಯ ಮಾನಕ ಹೇಳುತ್ತದೆ. ಬಾವಿಯನ್ನು ಈಶಾನ್ಯದ ತುದಿಗೆ, ಗುಂಡಿಯನ್ನು ನೈಋತ್ಯದ ತುದಿಗೆ ಒತ್ತಿದರೂ ನಿಮ್ಮ ಸೈಟಿನೊಳಗೆ ಅಷ್ಟು ದೂರ ಸಿಗುವುದೇ ಇಲ್ಲ. ಇದು ನಿಮ್ಮದೇ ಗುಂಡಿಯ ಲೆಕ್ಕ. ಎಡಬಲದವರದು, ಹಿಂಬದಿಯವರದು, ರಸ್ತೆಯಾಚೆಯವರದು ಬೇರೆ. ‘ನಿಮ್ಮ ಸೈಟಿನಲ್ಲಿಯೇ ಬಾವಿ ತೋಡಿಸಿಕೊಳ್ಳಿ’ ಎಂದವರು ಈ ಆಯತವನ್ನು ಒಮ್ಮೆಯೂ ಬರೆದು ನೋಡಿದಂತಿಲ್ಲ.

ನಮ್ಮ ನೆಲ ಚಿರೆಕಲ್ಲಿನದು, ಅದರ ಮೈತುಂಬ ತೂತು. ಜೂನ್‌ನಲ್ಲಿ ನಾಲ್ಕು ದಿನ ಮಳೆ ಹಿಡಿದರೆ ಸಾಕು, ಬಾವಿಯ ನೀರು ಏರುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಮಳೆಯ ನೀರು ಅಷ್ಟು ಬೇಗ ಬಾವಿಗೆ ಸೇರುವ ದಾರಿಯಲ್ಲಿ ಗುಂಡಿಯ ನೀರೂ ಸೇರುತ್ತದೆ. ನಯವಾದ ಮರಳು ಸೋಸಿದ ಹಾಗೆ ಚಿರೆಕಲ್ಲು ಸೋಸುವುದಿಲ್ಲ. ಅದರಲ್ಲೂ ನಮ್ಮ ಕಡೆ ಅನೇಕರು ಸೆಪ್ಟಿಕ್ ಟ್ಯಾಂಕ್ ಎಂದು ಕಟ್ಟಿಸುವುದು ತಳಕ್ಕೆ ಕಾಂಕ್ರೀಟ್ ಇಲ್ಲದ, ಕಲ್ಲನ್ನು ಬಿಡಿಬಿಡಿಯಾಗಿ ಜೋಡಿಸಿದ ಗುಂಡಿಯನ್ನು. ‘ಹದಿನೈದು ವರ್ಷವಾಯಿತು, ಒಮ್ಮೆಯೂ ತುಂಬಲಿಲ್ಲ’ ಎಂದು ಸಂತೋಷದಿಂದ ಹೇಳುತ್ತಾರೆ. ತುಂಬದೆ ಅದು ಎಲ್ಲಿಗೆ ಹೋಯಿತು ಎಂದು ಯೋಚಿಸಿದರೆ ಆ ಸಂತೋಷ ಉಳಿಯುವುದಿಲ್ಲ.

ನನ್ನ ಮನೆಯಲ್ಲಿಯೇ ಇದು ನಡೆದಿದೆ. ನಾವು ಮನೆ ಕಟ್ಟಿಸಿದ ಬಡಾವಣೆಯಲ್ಲಿ ಆಗ ಇದ್ದದ್ದು ನಮ್ಮದೂ ಸೇರಿ ಮೂರೇ ಮನೆ. ಬಾವಿ ತೋಡಿಸಿದೆವು, ನೀರು ಸಿಹಿಯಾಗಿತ್ತು. ಎರಡು ವರ್ಷದ ನಂತರ ಪಕ್ಕದ ಸೈಟಿನಲ್ಲಿ ಮನೆ ಎದ್ದಿತು. ಅವರ ಗುಂಡಿ ನಮ್ಮ ಬಾವಿಯಿಂದ ಎಂಟೇ ಮೀಟರ್. ಅವರದೂ ತಪ್ಪೆನ್ನಲಾರೆ, ಅವರ ಸೈಟಿನಲ್ಲಿ ಬೇರೆ ಜಾಗವೇ ಇರಲಿಲ್ಲ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮನ ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಊರ ಔಷಧಿ, ಆಮೇಲೆ ಆಸ್ಪತ್ರೆ, ಎರಡು ತಿಂಗಳು ಹಾಸಿಗೆ. ಕೊಳಚೆಯ ರೋಗಾಣುಗಳಿದ್ದರೆ ನೀರು ಕಪ್ಪಾಗುವ ಪರೀಕ್ಷೆಯ ಬಾಟಲಿಗೆ ಬಾವಿಯ ನೀರನ್ನು ಹಾಕಿಟ್ಟೆ. ಮರುದಿನ ಬೆಳಿಗ್ಗೆ ಅದು ಕಪ್ಪಾಗಿತ್ತು. ಊರಿಗೆಲ್ಲ ನೀರು ಕುದಿಸಿ ಕುಡಿಯಿರಿ ಎಂದು ಹೇಳುತ್ತಿದ್ದ ನಾನು ನಮ್ಮ ಬಾವಿಯನ್ನು ನಂಬಿ ಅಮ್ಮನಿಗೆ ಹಸಿ ನೀರು ಕುಡಿಸಿದ್ದೆ. ಅಮ್ಮ ಗುಣವಾದರು. ಆ ಬಾವಿಯ ನೀರು ಇಂದಿಗೂ ಹೂವಿನ ಗಿಡಗಳಿಗೆ ಮಾತ್ರ.

ಇನ್ನು ಬೋರ್‌ವೆಲ್. ಒಳಚರಂಡಿ ಇರುವ ಪಟ್ಟಣಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂದು ಲೆಕ್ಕ ಹಿಡಿಯುತ್ತಾರೆ. 60 ಮನೆಗೆ ನಾಲ್ಕು ನಾಲ್ಕು ಜನ ಎಂದರೆ 240 ಜನ, ದಿನಕ್ಕೆ 32,400 ಲೀಟರ್. ಜಲಜೀವನ ಮಿಷನ್‌ನವರು ಹಳ್ಳಿಗಳಿಗೆ ಇಟ್ಟುಕೊಂಡ 55 ಲೀಟರಿನ ಲೆಕ್ಕದಲ್ಲಿಯೂ 13,200 ಲೀಟರ್ ಬೇಕು. ಗಂಟೆಗೆ ಸಾವಿರ ಲೀಟರ್ ಕೊಡುವ ಬೋರ್ ಹಗಲು ರಾತ್ರಿ ನಿಲ್ಲದೆ ಓಡಿದರೂ ಬರುವುದು 24,000 ಲೀಟರ್. ನಮ್ಮ ಕರೆಂಟಿನಲ್ಲಿ ಯಾವ ಪಂಪೂ ಹಾಗೆ ಓಡುವುದಿಲ್ಲ. ಹಾಗಾಗಿ ‘ಬೋರ್ ಇದೆಯೇ’ ಎಂದು ಕೇಳುವುದು ಸಾಲದು. ಗಂಟೆಗೆ ಎಷ್ಟು ಲೀಟರ್, ಯಾವ ತಿಂಗಳಲ್ಲಿ ಅಳೆದದ್ದು, ಬರೆದುಕೊಟ್ಟವರು ಯಾರು ಎಂದು ಕೇಳಿ. ಅಕ್ಟೋಬರ್‌ನಲ್ಲಿ ಅಳೆದ ನೀರು ನಮಗೆ ಬೇಡ. ಏಪ್ರಿಲ್ ಕೊನೆಯಲ್ಲಿಯೋ ಮೇ ತಿಂಗಳಲ್ಲಿಯೋ ಅಳೆದ ಲೆಕ್ಕ ಬೇಕು. ಸಮುದ್ರ ಹತ್ತಿರವಿದ್ದರೆ ಆಗಲೇ ಉಪ್ಪಿನಂಶವನ್ನೂ ನೋಡಿಸಿ. ಬೇಸಿಗೆಯಲ್ಲಿ ಬೋರ್‌ನಿಂದ ಹೆಚ್ಚು ನೀರು ಎಳೆದಷ್ಟೂ ಉಪ್ಪುನೀರು ಒಳಗೆ ಸರಿಯುತ್ತದೆ.

ಹಾಗಾದರೆ ಅಂಥ ಕಡೆ ಸೈಟೇ ಬೇಡವೇ? ಬೇಕು, ಆದರೆ ಎರಡರಲ್ಲಿ ಒಂದು ಇರಬೇಕು. ನೀರು ಹೊರಗಿನಿಂದ ಕೊಳವೆಯಲ್ಲಿ ಬರಬೇಕು, ಇಲ್ಲವೇ ಕೊಳಚೆ ಕೊಳವೆಯಲ್ಲಿ ಹೊರಗೆ ಹೋಗಬೇಕು. ಬಾವಿ, ಗುಂಡಿ ಎರಡೂ ಸೈಟಿನೊಳಗೇ ಎಂಬ ಏರ್ಪಾಡು ಹತ್ತು ಗುಂಟೆಯ ಹಳೆಯ ಹಿತ್ತಲುಗಳಿಗೆ ಹೊಂದುತ್ತಿತ್ತು. ನಿಮ್ಮದು ಒಂದು ಗುಂಟೆಗಿಂತ ಸ್ವಲ್ಪವೇ ಹೆಚ್ಚು. ಬಡಾವಣೆಯ ಎತ್ತರದ ತುದಿಯಲ್ಲಿ ಎಲ್ಲರಿಗೂ ಒಂದು ಬಾವಿ, ಓವರ್‌ಹೆಡ್ ಟ್ಯಾಂಕ್, ಕ್ಲೋರಿನ್ ಹಾಕುವ ವ್ಯವಸ್ಥೆ, ಮನೆಗಳ ಟ್ಯಾಂಕುಗಳಿಗೆ ಸೋರದ ತಳ, ಅವುಗಳ ನೀರನ್ನು ತಗ್ಗಿನ ತುದಿಗೆ ಒಯ್ಯುವ ಕೊಳವೆ, ಅಲ್ಲಿ ಶುದ್ಧೀಕರಣ. ಇಷ್ಟು ನಕ್ಷೆಯಲ್ಲಿದ್ದರೆ ಆ ಬಡಾವಣೆಯವರಿಗೆ ಕೈಮುಗಿಯುತ್ತೇನೆ. ಮಂಜೂರಾದ ನಕ್ಷೆಯ ಪ್ರತಿ ಕೇಳಿ. ಬಣ್ಣದ ಕರಪತ್ರದಲ್ಲಿ ಮರಗಳ ಚಿತ್ರ ಇರುತ್ತದೆ, ಕೊಳವೆಗಳ ಗೆರೆ ಇರುವುದಿಲ್ಲ. ಸೈಟು, ಫ್ಲ್ಯಾಟು ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆಯ 19ನೇ ಕಲಮಿನ ಪ್ರಕಾರ ನೀರು, ನೈರ್ಮಲ್ಯ, ವಿದ್ಯುತ್ತಿನ ಕೆಲಸ ಯಾವ ಹಂತದಲ್ಲಿ ಯಾವಾಗ ಮುಗಿಯುತ್ತದೆ ಎಂದು ತಿಳಿಯುವುದು ಕೊಳ್ಳುವವರ ಹಕ್ಕು. ಬರಹದಲ್ಲಿ ಕೇಳಿ ಪಡೆಯಿರಿ. ನೋಂದಾಯಿತ ಕರಾರು ಆಗದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯಲು ಅವರಿಗೂ ಅಧಿಕಾರವಿಲ್ಲ.

ಪ್ರಶ್ನೆ: ನಾನು ಕುವೈತ್‌ನಲ್ಲಿದ್ದೇನೆ. ಮೂರು ವರ್ಷದ ಹಿಂದೆ ಅಂಕೋಲೆಯ ಬಳಿ ರೇರಾ ನೋಂದಣಿಯಾದ ಬಡಾವಣೆಯಲ್ಲಿ ಸೈಟು ಕೊಂಡು ಮನೆ ಕಟ್ಟಿಸುತ್ತಿದ್ದೇನೆ. ತಾತ್ಕಾಲಿಕ ಸಂಪರ್ಕದಲ್ಲಿ ಕೆಲಸ ಮುಗಿಯುತ್ತ ಬಂದಿದೆ. ಕಾಯಂ ಮೀಟರಿಗೆ ಅಣ್ಣ ಅರ್ಜಿ ಹಾಕಲು ಹೋದರೆ, ಬಡಾವಣೆಯ ವಿದ್ಯುದೀಕರಣ ಪೂರ್ಣವಾಗಿಲ್ಲ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕೂಡಿಸಿಲ್ಲ ಎಂದರಂತೆ. ಕಂಬಗಳಿವೆ, ತಂತಿಯೂ ಇದೆ. ಬಡಾವಣೆ ಮಾಡಿದವರು ಫೋನ್ ಎತ್ತುವುದಿಲ್ಲ.
— ಅಂಕೋಲೆಯವ

ಉತ್ತರ: ತಮ್ಮಾ, ಕಂಬ ನೋಡಿ ಕರೆಂಟಿದೆ ಎಂದುಕೊಂಡವರು ನೀವೊಬ್ಬರೇ ಅಲ್ಲ. ಹೊರಗಿನ 11 ಕೆ.ವಿ. ಮಾರ್ಗದಿಂದ ಬಡಾವಣೆಯೊಳಗೆ ಕವಲು ತಂದು, ಟಿ.ಸಿ. ಕೂಡಿಸಿ, ಅಲ್ಲಿಂದ ಮನೆಗಳಿಗೆ ತಂತಿ ಎಳೆಯಬೇಕು. ಈ ಖರ್ಚು ಬಡಾವಣೆ ಮಾಡಿದವರದು. ನಮ್ಮ ಭಾಗದ ವಿದ್ಯುತ್ ಕಂಪನಿಯಾದ ಹೆಸ್ಕಾಂ ಮಂಜೂರು ಮಾಡಿದ ಅಂದಾಜುಪಟ್ಟಿಯಂತೆ ಕೆಲಸ ಮುಗಿಸಿ, ಪರಿಶೀಲನೆ ಮಾಡಿಸಿ, ಹೆಸ್ಕಾಂಗೆ ಹಸ್ತಾಂತರಿಸಿದ ಮೇಲೆಯೇ ಅದು ಜೀವಂತ ಮಾರ್ಗ. ಅದರಲ್ಲಿ ದುಬಾರಿಯಾದದ್ದು ಟಿ.ಸಿ. ಅದನ್ನು ಕೊನೆಗೆ ಉಳಿಸಿಕೊಂಡು, ಅಗ್ಗದ ಕಂಬಗಳನ್ನು ಮೊದಲು ನೆಟ್ಟು ಸೈಟು ಮಾರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಅಣ್ಣನಿಗೆ ಮೂರು ಕೆಲಸ ಹೇಳಿ. ಮೊದಲನೆಯದು, ಬಡಾವಣೆಯ ಹೆಸರಿನಲ್ಲಿ ಅಂದಾಜು ಮಂಜೂರಾಗಿತ್ತೇ, ಎಷ್ಟು ಕೆ.ವಿ.ಎ. ಸಾಮರ್ಥ್ಯದ ಟಿ.ಸಿ.ಗೆ ಎಂದು ಹೆಸ್ಕಾಂ ಉಪವಿಭಾಗದಲ್ಲಿ ಬರಹದಲ್ಲಿ ಕೇಳಲಿ. 25 ಕೆ.ವಿ.ಎ. ಒಂದನ್ನೇ ಕೂಡಿಸಿ ಐವತ್ತು ಮನೆಗೆ ಸಾಕೆಂದರೆ ಒಪ್ಪಬೇಡಿ. ಸಂಜೆ ಪಂಪು, ಮಿಕ್ಸರ್, ಫ್ರಿಜ್ ಒಟ್ಟಿಗೆ ಓಡಿದಾಗ ಕೊನೆಯ ಮನೆಯ ಫ್ಯಾನು ತಿರುಗುವುದಿಲ್ಲ. ಎರಡನೆಯದು, ನಿಮ್ಮಂತೆ ಸೈಟು ಕೊಂಡ ಉಳಿದವರನ್ನು ಕೂಡಿಸಲಿ. ಮೂರನೆಯದೇ ಮುಖ್ಯ. ರೇರಾ ಕಾಯ್ದೆಯ 14ನೇ ಕಲಮಿನಲ್ಲಿ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಾಮಗಾರಿಯಲ್ಲಿಯೋ ಸೇವೆ ಒದಗಿಸುವುದರಲ್ಲಿಯೋ ಕೊರತೆ ಕಂಡುಬಂದು ಗಮನಕ್ಕೆ ತಂದರೆ, ಬಡಾವಣೆ ಮಾಡಿದವರು 30 ದಿನಗಳೊಳಗೆ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು ಎಂದಿದೆ. ನಿಮ್ಮ ಐದರಲ್ಲಿ ಮೂರು ವರ್ಷ ಕಳೆದಿವೆ. ಫೋನ್ ಬಿಡಿ, ಸ್ಪೀಡ್ ಪೋಸ್ಟ್‌ನಲ್ಲಿ ನೋಂದಣಿ ಮಾಡಿಸಿ ನೋಟಿಸ್ ಕಳಿಸಿ. 31ನೇ ದಿನ ರೇರಾಕ್ಕೆ ದೂರು ಕೊಡಿ. ಅದನ್ನು ಕುವೈತ್‌ನಲ್ಲಿ ಕುಳಿತೇ ಆನ್‌ಲೈನ್‌ನಲ್ಲಿ ಕೊಡಬಹುದು.

ಇನ್ನೊಂದು ಮಾತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮನೆ ನಕ್ಷೆಯಂತೆ ಎದ್ದಿದೆ, ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ ನೋಡಿದ ಮೇಲೆಯೇ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಹೇಳಿದೆ. ನಿಮ್ಮ ಮನೆ ಅನುಮತಿ ಪಡೆದ ನಕ್ಷೆಯಂತೆಯೇ ಎದ್ದಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಟಿ.ಸಿ. ಬಂದ ಮೇಲೆ ನಿಮ್ಮದೇ ಕಾಗದಕ್ಕಾಗಿ ಮತ್ತೆ ಕಾಯುವುದು ಬೇಡ.

ಪ್ರಶ್ನೆ: ಶಿರಸಿ ಪೇಟೆಯಿಂದ ಎರಡು ಮೈಲು ದೂರದಲ್ಲಿ ನಮ್ಮದೊಂದು ಎಕರೆ ಮಾಲ್ಕಿ ಬ್ಯಾಣ (ಹುಲ್ಲುಗಾವಲು) ಇದೆ. ಮಗಳ ಓದಿಗೆ, ಮನೆಯ ಸಾಲಕ್ಕೆ ಹಣ ಬೇಕಾಗಿದೆ. ‘ಬಿನ್‌ಶೇತ್ಕಿ ಮಾಡಿಸಿದರೆ ಸಾಕು, ಹನ್ನೆರಡು ತುಂಡು ಮಾಡಿ ಗುಂಟೆ ಲೆಕ್ಕದಲ್ಲಿ ಮಾರಿಸಿಕೊಡುತ್ತೇನೆ, ಪೈಪು ಗಟಾರ ಎಲ್ಲ ಕೊಂಡವರು ನೋಡಿಕೊಳ್ಳುತ್ತಾರೆ’ ಎಂದು ಒಬ್ಬರು ಹೇಳುತ್ತಿದ್ದಾರೆ. ಹೌದೇ? ಬ್ಯಾಣದ ಕೆಳಗೆ ನಮ್ಮ ದಾಯಾದಿಗಳ ತೋಟ ಇದೆ.
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಹಿರಿಯರೇ, ಹೌದಲ್ಲ. ಬಿನ್‌ಶೇತ್ಕಿ ಎಂದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ, ಈ ನೆಲವನ್ನು ಕೃಷಿಯಲ್ಲದ ಕೆಲಸಕ್ಕೆ ಬಳಸಬಹುದು ಎನ್ನುವ ಅನುಮತಿ ಮಾತ್ರ. ಅದನ್ನು ಸೈಟುಗಳಾಗಿ ಒಡೆಯಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ನಕ್ಷೆಗೆ ಬೇರೆ ಮಂಜೂರಾತಿ ಬೇಕು. ರಸ್ತೆ, ಉದ್ಯಾನದ ಜಾಗಗಳನ್ನು ಉಚಿತವಾಗಿ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಒಳರಸ್ತೆಗಳು ಸಾಮಾನ್ಯವಾಗಿ 9 ಮೀಟರ್ ಅಗಲ ಇರಬೇಕಾಗುತ್ತದೆ. ನಿಮ್ಮ 40 ಗುಂಟೆಯಲ್ಲಿ ಮಾರಲು ಸಿಗುವುದು ಸುಮಾರು ಅರ್ಧ, ಇಲ್ಲವೇ ತುಸು ಹೆಚ್ಚು. ಆ ದಲ್ಲಾಳಿ ಹೇಳಿದ ದರಕ್ಕೆ ಈ ಲೆಕ್ಕವನ್ನು ಹಚ್ಚಿ ನೋಡಿ. 500 ಚದರ ಮೀಟರ್ ಮೀರಿದ ಬಡಾವಣೆಯನ್ನು ಮಾರುವ ಮೊದಲೇ ರೇರಾದಲ್ಲಿ ನೋಂದಾಯಿಸಬೇಕು. ಅದು ಐದು ಗುಂಟೆಗೂ ಚೂರು ಕಡಿಮೆ, ಆದ್ದರಿಂದ ನಿಮ್ಮ ಎಕರೆ ತಪ್ಪಿಸಿಕೊಳ್ಳುವುದಿಲ್ಲ. ಆಗ ಹೊಣೆ ಹೊರುವ ಹೆಸರು ನಿಮ್ಮದು, ದಲ್ಲಾಳಿಯದಲ್ಲ.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ಪತ್ರದ ಕೊನೆಯ ಸಾಲು. ಬ್ಯಾಣದ ಕೆಳಗೆ ನಿಮ್ಮ ದಾಯಾದಿಗಳ ತೋಟ ಇದೆ ಎಂದು ಬರೆದಿದ್ದೀರಿ. ಶಿರಸಿಯಲ್ಲಿ ಜುಲೈ ತಿಂಗಳಲ್ಲಿ ಒಂದೇ ದಿನ 100 ಮಿಲಿಮೀಟರ್ ಮಳೆ ಬೀಳುವುದು ಅಪರೂಪವಲ್ಲ. ಅಂಥ ಒಂದು ದಿನ ನಿಮ್ಮ ಎಕರೆಯ ಮೇಲೆ ಬೀಳುವ ನೀರು ನಾಲ್ಕು ಲಕ್ಷ ಲೀಟರ್. ಈವರೆಗೆ ಅದರಲ್ಲಿ ಬಹಳಷ್ಟನ್ನು ಹುಲ್ಲು ತಡೆದು ನೆಲ ಕುಡಿಯುತ್ತಿತ್ತು. ಹಂಚು, ತಾರಸಿ, ಸಿಮೆಂಟಿನ ಅಂಗಳ, ಡಾಂಬರು ಬಂದ ಮೇಲೆ ಅಷ್ಟೂ ಒಟ್ಟಿಗೆ ಕೆಳಗೆ ಓಡುತ್ತದೆ. ಹನ್ನೆರಡು ಮನೆಯವರು ತಮ್ಮ ತಮ್ಮ ಗಟಾರವನ್ನು ‘ನೋಡಿಕೊಂಡರೆ’ ಹನ್ನೆರಡೂ ತೋಟದ ಬಸಿಗಾಲುವೆಯಲ್ಲಿ ಬಂದು ಬೀಳುತ್ತವೆ. ನೀರು ನಿಂತ ತೋಟದಲ್ಲಿ ಅಡಿಕೆಯ ಬೇರು ಉಳಿಯುವುದೇ? ಕೊಳೆರೋಗ ಬಂದ ವರ್ಷ ಯಾರ ಮನೆಯಲ್ಲಿ ಯಾರ ಮಾತು ನಿಂತುಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮಾಡುವುದಾದರೆ ಹೀಗೆ ಮಾಡಿ. ಹನ್ನೆರಡರ ಬದಲು ಏಳೆಂಟು ಸೈಟು ಸಾಕು. ಮೇಲಂಚಿನಲ್ಲಿ ಅಗಳ ತೆಗೆದು ಹೊರಗಿನ ನೀರನ್ನು ಬದಿಗೆ ತಿರುಗಿಸಿ. ರಸ್ತೆಯ ಪಕ್ಕ ಕಲ್ಲು ಕಟ್ಟಿದ ಗಟಾರ ಮಾಡಿ ಸಹಜವಾದ ಹಳ್ಳಕ್ಕೆ ಸೇರಿಸಿ. ತಗ್ಗಿನ ಮೂಲೆಯಲ್ಲಿ ಉದ್ಯಾನದ ಜಾಗ ಬಿಟ್ಟು ಅಲ್ಲಿ ಒಂದು ಇಂಗುಕೆರೆ ತೋಡಿ. ಸೈಟು ಸಮತಟ್ಟು ಮಾಡಲು ಇಳಿಜಾರನ್ನು ನೇರ ಗೋಡೆಯ ಹಾಗೆ ಕಡಿಸಬೇಡಿ. ಕಡಿದ ಗುಡ್ಡಕ್ಕೆ ಮಳೆನೀರು ಇಳಿದರೆ ಏನಾಗುತ್ತದೆಂದು 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನ ಗುಡ್ಡ ಕುಸಿತದಲ್ಲಿ ಇಡೀ ಜಿಲ್ಲೆ ನೋಡಿದೆ. ಕೆಂಗ್ರೆ, ಮಾರಿಗದ್ದೆಯಿಂದ ಶಿರಸಿಗೆ ಬರುವ ನೀರಿನ ಕೊಳವೆ ನಿಮ್ಮ ಕಡೆಗೆ ಬಂದಿದೆಯೇ, ಬಂದಿದ್ದರೆ ಹೊಸ ಸಂಪರ್ಕ ಕೊಡುವಷ್ಟು ನೀರಿದೆಯೇ ಎಂದು ಅರ್ಜಿ ಕೊಟ್ಟು ಬರಹದ ಉತ್ತರ ತೆಗೆದುಕೊಳ್ಳಿ. ಆ ಕಾಗದ ಕೈಯಲ್ಲಿದ್ದರೆ ಏಳು ಸೈಟಿಗೆ ಬರುವ ಬೆಲೆ ಹನ್ನೆರಡು ತುಂಡಿನ ಬೆಲೆಗಿಂತ ಬಹಳ ಕಡಿಮೆಯಾಗಲಾರದು. ಬ್ಯಾಣದ ಅಂಚಿನಲ್ಲಿ ಬೆಟ್ಟ ಸೇರಿದ್ದರೆ ಅದರ ಒಂದು ಗೇಣನ್ನೂ ನಕ್ಷೆಗೆ ಸೇರಿಸಬೇಡಿ. ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಸೊಪ್ಪಿನ ಬೆಟ್ಟ ಸೈಟು ಮಾಡುವ ನೆಲವಲ್ಲ.

ಪ್ರಶ್ನೆ: ಅಘನಾಶಿನಿ ದಂಡೆಯಲ್ಲಿ ಗಜನಿಗೆ ಕೆಂಪುಮಣ್ಣು ತುಂಬಿಸಿ ರಸ್ತೆಯ ಮಟ್ಟಕ್ಕೆ ತಂದ ಸೈಟು ಅರ್ಧ ಬೆಲೆಗೆ ಸಿಗುತ್ತಿದೆ. ಕೊಳ್ಳಲೇ?
— ಓದುಗ, ಕುಮಟಾ ತಾಲ್ಲೂಕು

ಉತ್ತರ: ಬೇಡ. ಗಜನಿ ಉಬ್ಬರದ ನೀರು ಬಂದುಹೋಗುವ ಜಾಗ. ಮಣ್ಣು ಸುರಿದ ಮಾತ್ರಕ್ಕೆ ಉಬ್ಬರ ನಿಲ್ಲುವುದಿಲ್ಲ. ಬಾವಿ ತೋಡಿದರೆ ಉಪ್ಪು. ಇಂಗುಗುಂಡಿಯಲ್ಲಿ ನೀರು ಇಂಗುವ ಬದಲು ಉಬ್ಬರದ ಹೊತ್ತಿಗೆ ಮೇಲೆ ಬರುತ್ತದೆ. ಗಟಾರದ ಬಾಯಿ ಉಬ್ಬರದಲ್ಲಿ ಮುಳುಗಿದಾಗಲೇ ಜೋರು ಮಳೆ ಬಂದರೆ ನೀರು ಅಂಗಳಕ್ಕೆ ನುಗ್ಗುತ್ತದೆ. ಜತೆಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಉಬ್ಬರ ಮುಟ್ಟುವ ನದಿಯ ದಂಡೆಗಳಿಗೂ ಅನ್ವಯಿಸುತ್ತವೆ. ಮನೆಗೆ ಅನುಮತಿಯೇ ಸಿಗದೆ ಹೋಗಬಹುದು. ನಮ್ಮ ಹಿರಿಯರು ಅಲ್ಲಿ ಜಂತ್ರಡಿ ಎಂಬ ತೂಬು ಇಟ್ಟು ನೀರನ್ನು ಒಳಹೊರಗೆ ಬಿಡುತ್ತ ಕಗ್ಗ ಭತ್ತ ಬೆಳೆದರು, ಮೀನು ಸಿಗಡಿ ಹಿಡಿದರು, ಮನೆಗಳನ್ನು ಮಾತ್ರ ದಿಣ್ಣೆಯ ಮೇಲೆ ಕಟ್ಟಿಕೊಂಡರು. ನಿಮ್ಮ ಊರಿನ ಹಳೆಯ ಮನೆಗಳು ಯಾವ ಎತ್ತರದಲ್ಲಿವೆ ಎಂದು ಒಮ್ಮೆ ನೋಡಿ ಬನ್ನಿ.

ಪ್ರಶ್ನೆ: ಕಾರವಾರದ ಹೊರವಲಯದ ಬಡಾವಣೆಯಲ್ಲಿ ಮನೆ ಕಟ್ಟಿ ಆರು ವರ್ಷವಾಯಿತು. ಎಲ್ಲ ಸೈಟೂ ಮಾರಾಟವಾಗಿವೆ. ನಿವಾಸಿಗಳ ಸಂಘ ಇಲ್ಲ. ಈಗಲೂ ಬಡಾವಣೆ ಮಾಡಿದವರೇ ನೀರು ಬಿಡುತ್ತಾರೆ, ಕೇಳಿದಷ್ಟು ತಿಂಗಳ ಹಣ ಕೊಡುತ್ತೇವೆ. ಕಳೆದ ಮೇ ತಿಂಗಳಲ್ಲಿ ಒಂಬತ್ತು ದಿನ ನೀರಿಲ್ಲ. ಸ್ಥಳೀಯ ಸಂಸ್ಥೆಗೆ ಹೋದರೆ ‘ಬಡಾವಣೆ ನಮಗೆ ಹಸ್ತಾಂತರವಾಗಿಲ್ಲ’ ಎನ್ನುತ್ತಾರೆ. ಯಾರನ್ನು ಕೇಳಬೇಕು?
— ಗೃಹಿಣಿ, ಕಾರವಾರ

ಉತ್ತರ: ಅಮ್ಮಾ, ಒಂಬತ್ತು ದಿನ ಎಂದು ಓದಿ ಸಂಕಟವಾಯಿತು. ಬಿಂದಿಗೆ ಹೊತ್ತವರಿಗೆ ಮಾತ್ರ ಅದರ ಉದ್ದ ಗೊತ್ತು.

ನಿಮ್ಮ ಬಡಾವಣೆಗೆ ಒಂದು ಸಂಘ ಇಲ್ಲದಿರುವುದೇ ಮೊದಲ ತೊಡಕು. ರೇರಾದಲ್ಲಿ ನೋಂದಣಿಯಾದ ಬಡಾವಣೆಯಲ್ಲಿ, ನಿವಾಸಿಗಳ ಸಂಘ ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ನ್ಯಾಯವಾದ ಶುಲ್ಕಕ್ಕೆ ನಡೆಸಿಕೊಂಡು ಹೋಗುವುದು ಮಾಡಿದವರ ಹೊಣೆ. ‘ನ್ಯಾಯವಾದ’ ಎಂದರೆ ಲೆಕ್ಕ ತೋರಿಸಬೇಕು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಿಕೊಳ್ಳಿ. ಸಭೆಗೆ ಗಂಡಸರನ್ನಷ್ಟೇ ಕಳಿಸಬೇಡಿ. ಯಾವ ಹೊತ್ತಿಗೆ ನಲ್ಲಿ ನಿಲ್ಲುತ್ತದೆ, ಯಾವ ಬೀದಿಗೆ ಮೊದಲು ನಿಲ್ಲುತ್ತದೆ ಎನ್ನುವುದು ನಿಮಗೆ ಗೊತ್ತು, ಅವರಿಗೆ ಗೊತ್ತಿರುವುದಿಲ್ಲ.

ಆಮೇಲೆ ಸಂಘದ ಪತ್ರದಲ್ಲಿ ಇವನ್ನು ಕೇಳಿ: ಮಂಜೂರಾದ ನಕ್ಷೆ, ನೆಲದೊಳಗಿನ ಕೊಳವೆ ಮತ್ತು ವಾಲ್ವ್‌ಗಳ ನಕ್ಷೆ, ರಸ್ತೆ ಉದ್ಯಾನಗಳನ್ನು ಬಿಟ್ಟುಕೊಟ್ಟ ಪತ್ರ, ಬೋರ್‌ವೆಲ್ ಇರುವ ಜಾಗದ ಮಾಲೀಕರು ಯಾರೆಂದು ತೋರಿಸುವ ಉತಾರ. ಈ ಕೊನೆಯದನ್ನು ಕಣ್ಣಿಟ್ಟು ನೋಡಿ. ಉದ್ಯಾನದ ಜಾಗದಲ್ಲಿ ಇದ್ದೇ ಇರುತ್ತದೆ ಎಂದು ನಾವು ನಂಬಿದ ಬೋರ್ ಎಷ್ಟೋ ಸಲ ಮಾರದೆ ಉಳಿಸಿಕೊಂಡ ಖಾಸಗಿ ಸೈಟಿನಲ್ಲಿ ಇರುತ್ತದೆ. ಪಂಪಿನ ಕರೆಂಟು ಬಿಲ್ಲಿನ ಆರ್.ಆರ್. ಸಂಖ್ಯೆ ಯಾರ ಹೆಸರಿನಲ್ಲಿದೆ ಎಂದೂ ಕೇಳಿ. ಬಾಕಿ ಉಳಿದು ಸಂಪರ್ಕ ಕಡಿದರೆ ನಿಮ್ಮೆಲ್ಲರ ನೀರು ನಿಲ್ಲುತ್ತದೆ. ಮೇ ತಿಂಗಳ ಒಂಬತ್ತು ದಿನ ಹೀಗೆಯೇ ಆಗಿತ್ತೋ, ಬೋರ್ ಬತ್ತಿತ್ತೋ, ಅದು ಈ ಸಂಖ್ಯೆಯ ಬಿಲ್ಲುಗಳಲ್ಲಿ ಗೊತ್ತಾಗುತ್ತದೆ.

ಕಾಗದಗಳು ಕೈಗೆ ಬಂದ ಮೇಲೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರದ ಅರ್ಜಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಜಂಟಿ ಪರಿಶೀಲನೆಗೆ ಅಧಿಕಾರಿಗಳು ಬಂದ ದಿನ ಯಾವ ಕೆಲಸ ಬಾಕಿ ಇದೆಯೆಂದು ಪಟ್ಟಿ ಮಾಡಿಸಿ ಸಹಿ ಪಡೆಯಿರಿ. ಕೊಳವೆಗಳ ನಕ್ಷೆ ಸಿಕ್ಕಿದರೆ ಒಂದು ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಅಂಚೆಯಲ್ಲಿ ಕಳಿಸಿ. ಕೊಳವೆಗಳ ವ್ಯಾಸ ಸಾಲುತ್ತದೆಯೇ, ವಾಲ್ವ್‌ಗಳು ಸರಿಯಾದ ಜಾಗದಲ್ಲಿವೆಯೇ ಎಂದು ನಾನೇ ನೋಡಿ, ಕೆಂಪು ಶಾಯಿಯಲ್ಲಿ ಗುರುತು ಹಾಕಿ ತಿರುಗಿ ಕಳಿಸುತ್ತೇನೆ.